ಒಣಗೈ ಬರಹ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ತೊಳೆದು, ಗಂಟು ಕಟ್ಟಿ, ಆವಿಯಲ್ಲಿಟ್ಟು ಶುದ್ಧ ಮಾಡುವ ವಿಭಾಗವಿತ್ತು. ಅಲ್ಲಿದ್ದದ್ದು ಆಳೆತ್ತರದ ಒಂದು ಉಕ್ಕಿನ ಯಂತ್ರ. ಬಾಗಿಲು ಹಾಕಿ, ಚಕ್ರ ತಿರುಗಿಸಿ ಬಿಗಿ ಮಾಡಿ, ಆವಿ ಬಿಟ್ಟರೆ ಒಳಗಿನ ಕ್ರಿಮಿಗಳ ವಂಶ ನಿರ್ವಂಶ. ಅದಕ್ಕೆ ಬಾಯಿ ತುಂಬುವ ಹೆಸರೊಂದಿತ್ತಾದರೂ ಆಸ್ಪತ್ರೆಯವರೆಲ್ಲ ಕುಕ್ಕರ್ ಎಂದೇ ಕರೆಯುತ್ತಿದ್ದರು. ಅದನ್ನು ಇಪ್ಪತ್ತೆರಡು ವರ್ಷ ನಡೆಸಿದ ಹೆಂಗಸು ಕುಕ್ಕರಕ್ಕ ಆದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಈ ಇಪ್ಪತ್ತೆರಡು ವರ್ಷದಲ್ಲಿ ಮೂವರು ಇನ್‌ಚಾರ್ಜ್‌ಗಳು ಬಂದು ಹೋದರು. ಮೂವರೂ ಡಿಪ್ಲೊಮಾ ಮಾಡಿದವರು. ಬಾಗಿಲ ಚಕ್ರ ಯಾವ ಕಡೆಗೆ ತಿರುಗುತ್ತದೆ ಎಂದು ಮೂವರಿಗೂ ತೋರಿಸಿಕೊಟ್ಟವಳು ಇವಳೇ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ಮಾಡಿದ ಪುಣ್ಯಾತ್ಮ ಯಾವುದಾದರೂ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದಿರಬೇಕು. ಮೂರನೆಯವಳೂ ಬೇರೆ ಕಡೆ ಹೋದ ಮೇಲೆ ಕುರ್ಚಿ ಖಾಲಿಯಾಯಿತು. ಸೂಪರಿಂಟೆಂಡೆಂಟ್ ಸಾಹೇಬರು ಕುಕ್ಕರಕ್ಕನನ್ನು ಮೇಲಕ್ಕೆ ಕರೆಸಿದರು.

"ಇನ್ನು ಆರು ವಾರಕ್ಕೆ ಹೊರಗಿಂದ ತಪಾಸಣೆಯವರು ಬರ್ತಾರೆ. ಅವರಿಗೆ ನಮ್ಮ ಭಾಷೆ ಬರಲ್ಲ. ಇನ್‌ಚಾರ್ಜ್ ಆದವರು ಯಂತ್ರದ ಮುಂದೆ ನಿಂತು ಇಂಗ್ಲಿಷಲ್ಲಿ ಉತ್ತರ ಕೊಡ್ಬೇಕು. ನೀವು ಕೊಟ್ರೆ ಕುರ್ಚಿ ನಿಮ್ಮದು. ಇಲ್ಲಾಂದ್ರೆ ಡಿಪ್ಲೊಮಾದವರನ್ನ ತರಿಸ್ತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ," ಎಂದರು.

ಕುಕ್ಕರಕ್ಕನಿಗೆ ಆ ಕುರ್ಚಿ ಬೇಕಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎತ್ತಿ ಇಳಿಸಿ ಸೊಂಟ ಹೋಗಿತ್ತು; ಅದು ಒಂದು ಕಾರಣ. ಆದರೆ ದೊಡ್ಡ ಕಾರಣ ಬೇರೆ. ತನಗಿಂತ ಹದಿನೈದು ವರ್ಷ ಚಿಕ್ಕವರು "ಅಕ್ಕಾ, ಇದೊಂಚೂರು ನೋಡ್ಕೊಳ್ಳಿ" ಎಂದು ಎದ್ದು ಹೋದಾಗಲೆಲ್ಲ ಅವಳ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಒಂದು ಸಲವಾದರೂ ಆ ಮಾತನ್ನು ತಾನು ಹೇಳಿ ಎದ್ದು ಹೋಗಬೇಕು ಎಂದು ಅವಳಿಗೆ ಆಸೆಯಿತ್ತು.

ಇಂಗ್ಲಿಷ್ ಕಲಿಸುವವರಿಗೆ ದೂರ ಹೋಗಬೇಕಾಗಿರಲಿಲ್ಲ. ಗಂಡನ ಅಕ್ಕ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾಗಿ, ಅದೇ ಮನೆಯ ಮಹಡಿಯ ಕೋಣೆಯಲ್ಲಿದ್ದರು. ಶಾಲೆಯ ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ಕೆಂಪು ಶಾಯಿ. ಕುಕ್ಕರಕ್ಕ ಮದುವೆಯಾಗಿ ಬಂದ ಮೊದಲ ವಾರ ಬರೆದ ದಿನಸಿಯ ಚೀಟಿಯನ್ನು ಈ ಅತ್ತಿಗೆ ಕೆಂಪು ಶಾಯಿಯಲ್ಲಿ ತಿದ್ದಿಯೇ ಅಂಗಡಿಗೆ ಕಳಿಸಿದ್ದರು. ಅಂಗಡಿಯವನು ಎಷ್ಟು ಅಂಕ ಬಂತು ಎಂದು ಕೇಳಿದ್ದನಂತೆ. ಅಂದಿನಿಂದ ಕುಕ್ಕರಕ್ಕ ಅವರೆದುರು ಒಂದಕ್ಷರ ಬರೆದವಳಲ್ಲ. ಈಗ ಅವರ ಮುಂದೆಯೇ ನೋಟ್‌ಬುಕ್ ಹಿಡಿದು ನಿಲ್ಲಬೇಕಾಗಿತ್ತು. ಮೂರು ದಿನ ಮೆಟ್ಟಿಲು ಹತ್ತಿ ಇಳಿದು, ನಾಲ್ಕನೆಯ ದಿನ ಬಾಗಿಲು ತಟ್ಟಿದಳು.

"ಅತ್ತಿಗೆ, ನನಗೆ ಇಂಗ್ಲಿಷ್ ಹೇಳ್ಕೊಡ್ತೀರಾ?"

ಅತ್ತಿಗೆ ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದರು. "ನೀನು ಕೇಳೋಕೆ ಇಪ್ಪತ್ತೈದು ವರ್ಷ ತಗೊಂಡೆ. ಕಲಿಯೋಕೆ ಎಷ್ಟು ತಗೋತೀಯ?"

"ಆರು ವಾರ."

"ಹಾಗಾದ್ರೆ ಕೂತ್ಕೋ. ನಿಂತು ಟೈಮ್ ಯಾಕೆ ಹಾಳು ಮಾಡ್ತೀಯ."

ಪಾಠ ದಿನಾ ಸಂಜೆ ಅಡುಗೆಮನೆಯಲ್ಲಿ ನಡೆಯಿತು. ಮೊದಲ ದಿನ ಅತ್ತಿಗೆ ಅವಳ ಬಗ್ಗೆ ಅವಳೇ ಐದು ವಾಕ್ಯ ಹೇಳಲಿ ಎಂದರು. ಕುಕ್ಕರಕ್ಕ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

"ಐ ಆಮ್ ವರ್ಕಿಂಗ್ ಇನ್ ಹಾಸ್ಪಿಟಲ್. ಐ ಆಮ್ ಹ್ಯಾವಿಂಗ್ ಒನ್ ಹಸ್ಬೆಂಡ್."

"ಈಗ ಮಾತ್ರಾನಾ?" ಅತ್ತಿಗೆ ಕೇಳಿದರು. "ನಾಳೆಗೆ ಬೇರೆಯವನನ್ನ ನೋಡಿದೀಯಾ?"

ಪಕ್ಕದ ಕೋಣೆಯಿಂದ ಗಂಡನ ದನಿ ಬಂತು. "ನೋಡ್ಲಿ ಬಿಡಕ್ಕಾ. ನಾನೂ ಸ್ವಲ್ಪ ಹಾಯಾಗಿರ್ತೀನಿ."

ಇಂಗ್ಲಿಷ್ ಎಂದರೆ ಎಲ್ಲದಕ್ಕೂ ಬಾಲದಲ್ಲೊಂದು 'ಇಂಗ್' ಅಂಟಿಸುವುದು ಎಂದು ಕುಕ್ಕರಕ್ಕ ತಿಳಿದಿದ್ದಳು. ಐ ಆಮ್ ನೋಯಿಂಗ್, ಐ ಆಮ್ ವಾಂಟಿಂಗ್, ಡಾಕ್ಟರ್ ಈಸ್ ಕಮಿಂಗ್ ಡೈಲಿ. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರು. ಕೇಳಲಿಕ್ಕೂ ಅದು ಗಂಟೆ ಬಾರಿಸಿದಂತೆ ಚೆನ್ನಾಗಿತ್ತು. ಅತ್ತಿಗೆ ಒಂದೊಂದೇ ಬಾಲ ಕತ್ತರಿಸುತ್ತ ಹೋದರು.

"ಇದೇನು ಬ್ರಹ್ಮವಿದ್ಯೆ ಅಲ್ಲ. ನಮ್ಮ ಮಾತಲ್ಲೂ ಇದೆ. 'ದಿನಾ ಕೆಲಸಕ್ಕೆ ಹೋಗ್ತೀನಿ' ಅಂತೀಯ. ದಾರೀಲಿ ಯಾರಾದ್ರೂ ಸಿಕ್ಕಿದ್ರೆ 'ಕೆಲಸಕ್ಕೆ ಹೋಗ್ತಾ ಇದ್ದೀನಿ' ಅಂತೀಯ. ಎರಡನ್ನೂ ಯಾವತ್ತಾದ್ರೂ ಅದಲು ಬದಲು ಮಾಡಿದೀಯಾ?"

"ಇಲ್ಲ."

"ಹಾಗೇ ಇದೂನೂ. ನೋಡ್ದೇನೇ ಹೇಳಬಹುದು ಅನ್ನೋದು ಮೊದಲನೇದು. ನೋಡಿಯೇ ಹೇಳ್ಬೇಕು ಅನ್ನೋದು ಎರಡನೇದು. ಈಗ ಒಲೆ ಮೇಲೆ ಹಾಲಿದೆ. ಏನು ಹೇಳ್ತೀಯ?"

"ಮಿಲ್ಕ್ ಬಾಯ್ಲ್ಸ್."

"ಅದು ಹಾಲಿನ ಸ್ವಭಾವ ಆಯ್ತು. ಆ ಪಾತ್ರೇಲಿ ಏನಾಗ್ತಿದೆ ಅಂತ ಕೇಳಿದ್ದು ನಾನು."

ಇಬ್ಬರೂ ಸ್ವಭಾವದ ಬಗ್ಗೆ ವಾದ ಮಾಡುತ್ತಿರುವಾಗ ಹಾಲು ವ್ಯಾಕರಣಕ್ಕೆ ಕಾಯದೆ ಉಕ್ಕಿತು. ಒಲೆ ಒರೆಸುತ್ತ ಕುಕ್ಕರಕ್ಕ, "ಮತ್ತೆ ಗೊತ್ತು, ಬೇಕು, ಇದೆ, ಇವಕ್ಕೆಲ್ಲ ಯಾಕೆ ಇಂಗ್ ಬೇಡ?" ಎಂದಳು.

"ನೀನೇ ಹೇಳು. ನಿನಗೆ ಒಂದು ವಸ್ತು ಬೇಕು. 'ಬೇಕಾಗ್ತಾ ಇದೆ' ಅಂತ ಗಳಿಗೆಗೊಂದ್ಸಲ ನೋಡಿ ಹೇಳ್ತೀಯಾ? ಬೇಕು ಅಂದ್ರೆ ಬೇಕು, ಅಷ್ಟೆ."

ಕುಕ್ಕರಕ್ಕನಿಗೆ ಕುರ್ಚಿಯ ನೆನಪಾಯಿತು. ಅದು ಅವಳಿಗೆ ಸರಿಯಾಗಿ ಅರ್ಥವಾಯಿತು.

ಎರಡನೆಯ ವಾರ ಸಾಹೇಬರು ಇಪ್ಪತ್ತು ವಾಕ್ಯಗಳ ಒಂದು ಹಾಳೆ ಕೊಟ್ಟರು. ವಿ ವಾಶ್ ದಿ ಇನ್‌ಸ್ಟ್ರುಮೆಂಟ್ಸ್. ವಿ ಪ್ಯಾಕ್ ದಿ ಟ್ರೇಸ್. ದಿ ಟೆಂಪರೇಚರ್ ರೀಚಸ್ ಒನ್ ಟ್ವೆಂಟಿ ಒನ್ ಡಿಗ್ರೀಸ್ ಅಂಡ್ ಸ್ಟೇಸ್ ದೇರ್ ಫಾರ್ ಥರ್ಟಿ ಮಿನಿಟ್ಸ್. ಇಷ್ಟನ್ನು ಬಾಯಿಪಾಠ ಮಾಡಿದರೆ ಸಾಕು ಎಂದರು. ಅತ್ತಿಗೆ ಆ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ತಪ್ಪೇನಿಲ್ಲ. ಆದ್ರೆ ಇದು ಗಿಳಿಪಾಠ. ಗಿಳಿಗೆ ಯಾರೂ ಕುರ್ಚಿ ಕೊಡಲ್ಲ. ಹೇಳೋಕೆ ಮೊದ್ಲು ನೋಡೋದನ್ನ ಕಲಿ," ಎಂದು ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಬೀದಿ ತೋರಿಸಿದರು. ಎ ಮ್ಯಾನ್ ಈಸ್ ರಿಪೇರಿಂಗ್ ಎ ಸೈಕಲ್. ಎ ಡಾಗ್ ಈಸ್ ಸ್ಲೀಪಿಂಗ್. ನಾಯಿ ನಿಜಕ್ಕೂ ಮಲಗಿದೆಯೇ ಎಂದು ಕತ್ತು ಚಾಚಿ ನೋಡದೆ ಹೇಳಿದರೆ ಅತ್ತಿಗೆ ಒಪ್ಪುತ್ತಿರಲಿಲ್ಲ. ಐದನೆಯ ವಾರದ ಹೊತ್ತಿಗೆ 'ಇಂಗ್' ಕಿವಿಗೆ ಬಿದ್ದರೆ ಸಾಕು, ಕುಕ್ಕರಕ್ಕನ ಕತ್ತು ತಾನಾಗಿ ತಿರುಗುತ್ತಿತ್ತು.

ಇಲ್ಲಿ ಆ ನೆಲಮಾಳಿಗೆಯ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಪ್ರತಿ ಸಲ ಯಂತ್ರ ಹಾಕಿದಾಗಲೂ ಶಾಖ ಎಷ್ಟಕ್ಕೇರಿತು, ಎಷ್ಟು ಹೊತ್ತು ನಿಂತಿತು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಆದರೆ ಕೆಲಸ ಶುರುವಾದ ಮೇಲೆ ಅಲ್ಲಿ ಕೈ ಒದ್ದೆ, ಗ್ಲೌಸು ಒದ್ದೆ, ಗಾಳಿಯೂ ಒದ್ದೆ; ಪುಟ ಮುಟ್ಟಿದರೆ ಶಾಯಿ ಹರಡಿ ಅಕ್ಷರವೆಲ್ಲ ಕಲಸಿಹೋಗುತ್ತಿತ್ತು. ಹಾಗಾಗಿ ಮೊದಲ ಇನ್‌ಚಾರ್ಜ್ ಕಾಲದಲ್ಲೇ ಒಂದು ಉಪಾಯ ಹುಟ್ಟಿತು. ಬೆಳಿಗ್ಗೆ ಬಂದ ಕೂಡಲೇ, ಕೈ ಒಣಗಿರುವಾಗಲೇ, ಇಡೀ ದಿನದ ಎಂಟು ಸಾಲನ್ನೂ ತುಂಬಿಬಿಡುವುದು. ನೂರ ಇಪ್ಪತ್ತೊಂದು ಡಿಗ್ರಿ, ಮೂವತ್ತು ನಿಮಿಷ, ಸಹಿ. ಕೆಳಗೆ ಅದೇ, ಅದರ ಕೆಳಗೆ ಅದೇ. ಅದಕ್ಕೆ ಅವರು ಒಣಗೈ ಬರಹ ಎಂದು ಹೆಸರಿಟ್ಟಿದ್ದರು. ಅದು ಮೋಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಮೊದಮೊದಲು ಬರೆದ ಮೇಲೆ ಯಂತ್ರದ ಶಾಖ ತೋರಿಸುವ ಮುಳ್ಳನ್ನೂ ನೋಡುತ್ತಿದ್ದರು. ದಿನಾ ಮುಳ್ಳು ಬರಹಕ್ಕೆ ಸರಿಯಾಗಿಯೇ ಇರುತ್ತಿದ್ದುದರಿಂದ, ನೋಡುವುದು ಮೆಲ್ಲಗೆ ಬಿಟ್ಟುಹೋಯಿತು. ಬರೆಯುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ತಪಾಸಣೆಯ ದಿನವೂ ಕುಕ್ಕರಕ್ಕ ಬೆಳಿಗ್ಗೆ ಬಂದು, ಕೈ ಒರೆಸಿಕೊಂಡು, ಎಂಟು ಸಾಲನ್ನೂ ಅಂದವಾಗಿ ಬರೆದಳು. ಅಂದು ಅಕ್ಷರಗಳು ಇನ್ನಷ್ಟು ದುಂಡಗಿದ್ದವು.

ತಪಾಸಣೆಗೆ ಬಂದದ್ದು ಗಿಡ್ಡ ಕೂದಲಿನ, ಮೆದು ಮಾತಿನ ಒಬ್ಬರು ಮೇಡಂ. ಹನ್ನೊಂದು ಗಂಟೆಯ ಹೊತ್ತಿಗೆ ಸಾಹೇಬರೊಂದಿಗೆ ನೆಲಮಾಳಿಗೆಗೆ ಇಳಿದರು. ಯಂತ್ರದಲ್ಲಿ ಮೂರನೆಯ ಸಲದ ಸಾಮಾನು ಬೇಯುತ್ತಿತ್ತು. ಎರಡು ಗಂಟೆಗೆ ಒಬ್ಬರ ಹೊಟ್ಟೆಯ ಆಪರೇಷನ್ ಇತ್ತು. ಅದರ ಟ್ರೇಗಳೆಲ್ಲ ಒಳಗಿದ್ದವು. ಮೇಡಂ ಕೇಳುತ್ತ ಹೋದರು, ಕುಕ್ಕರಕ್ಕ ಹೇಳುತ್ತ ಹೋದಳು. ವಿ ವಾಶ್. ವಿ ಪ್ಯಾಕ್. ವಿ ಚೆಕ್. ಒಂದು ಬಾಲವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಗಂಟು ಕಟ್ಟುವ ಕೆಲಸದವಳು ಬಟ್ಟೆಯ ರಾಶಿಯ ಹಿಂದೆ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಸಾಹೇಬರ ಮುಖ ಅರಳುತ್ತಿತ್ತು. ಟೆಂಪರೇಚರ್ ಎಷ್ಟು ಎಂಬ ಪ್ರಶ್ನೆಗೆ ಹಾಳೆಯ ವಾಕ್ಯ ಅವಳ ಬಾಯಿಂದ ನೀರು ಕುಡಿದಷ್ಟು ಸಲೀಸಾಗಿ ಬಂತು.

ಮೇಡಂ ತಲೆಯಾಡಿಸಿ ರಿಜಿಸ್ಟರಿನ ಕಡೆ ತಿರುಗಿದರು. ತಿರುಗುತ್ತಲೇ, ಹೀಗೇ ಮಾತಿಗೆ ಎಂಬಂತೆ, ಯಂತ್ರದತ್ತ ಪೆನ್ನು ತೋರಿಸಿ ಕೇಳಿದರು.

"ಅಂಡ್ ವಾಟ್ ಈಸ್ ಇಟ್ ಡೂಯಿಂಗ್ ನೌ?"

ಕುಕ್ಕರಕ್ಕನ ಕತ್ತು ತಿರುಗಿತು.

ಶಾಖ ತೋರಿಸುವ ಡಯಲು ಯಂತ್ರದ ಎಡಮಗ್ಗುಲಲ್ಲಿ, ಗೋಡೆಯ ಕಡೆಗಿತ್ತು. ಅವಳು ನಿಂತ ಜಾಗದಿಂದ ಮಾತ್ರ ಅದರ ಅಂಕೆ ಓದಬಹುದಿತ್ತು. ಮುಳ್ಳು ನೂರ ಹನ್ನೆರಡರಲ್ಲಿ ನಿಂತಿತ್ತು. ಅವಳು ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. ನೂರ ಹನ್ನೆರಡೇ. ಆವಿ ಬಿಟ್ಟು ಅರ್ಧ ಗಂಟೆ ದಾಟಿತ್ತು. ಅಷ್ಟು ಹೊತ್ತಿಗೆ ಅದು ನೂರ ಇಪ್ಪತ್ತೊಂದಕ್ಕೆ ಹೋಗಿ ನಿಂತಿರಬೇಕಿತ್ತು. ಇತ್ತ ಮೇಜಿನ ಮೇಲೆ, ಮೇಡಂ ಕೈಕೆಳಗೆ, ಮೂರನೆಯ ಸಾಲು ನೂರ ಇಪ್ಪತ್ತೊಂದು ಎನ್ನುತ್ತಿತ್ತು. ಇನ್ನೂ ಯಂತ್ರಕ್ಕೇ ಹೋಗದ ಸಾಮಾನಿನ ನಾಲ್ಕು, ಐದು, ಆರನೆಯ ಸಾಲುಗಳೂ ಅದನ್ನೇ ಹೇಳುತ್ತಿದ್ದವು, ಅವಳ ಸಹಿಯ ಸಮೇತ. ಆದರೆ ಮೇಡಂ ಇನ್ನೂ ಅಷ್ಟು ಕೆಳಗೆ ಓದಿರಲಿಲ್ಲ.

ಇಟ್ ಈಸ್ ರೀಚಿಂಗ್ ಒನ್ ಟ್ವೆಂಟಿ ಒನ್ ಎಂದರೆ ಮುಗಿಯುತ್ತಿತ್ತು. ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಶುದ್ಧವಾಗಿದೆ ಎಂದು ತೋರಿಸಲು ಟ್ರೇಗಳಿಗೆ ಅಂಟಿಸಿದ ಟೇಪಿನ ಗೆರೆಗಳು ಹೇಗೂ ಕಪ್ಪಾಗಿಯೇ ಹೊರಗೆ ಬರುತ್ತಿದ್ದವು. ಆವಿ ತಗುಲಿದರೆ ಸಾಕು, ಅವು ಕಪ್ಪಾಗುತ್ತವೆ, ಎಷ್ಟು ಶಾಖ ಎಂದು ಕೇಳುವುದಿಲ್ಲ. ಸಾಹೇಬರು ಮೇಡಂ ಬೆನ್ನ ಹಿಂದಿನಿಂದ 'ಹೂಂ, ಹೇಳಿ, ಹೇಳಿ' ಎಂಬಂತೆ ಗಲ್ಲ ಅಲ್ಲಾಡಿಸಿದರು. ಕುರ್ಚಿ ಒಂದು ವಾಕ್ಯದಷ್ಟು ದೂರದಲ್ಲಿತ್ತು. ಕುಕ್ಕರಕ್ಕನಿಗೆ ಹೆದರಿಕೆಯಾಯಿತು. ಹೆದರಿಕೆ ಮೇಡಂ ಬಗ್ಗೆಯಲ್ಲ. ಇಷ್ಟು ವರ್ಷದಲ್ಲಿ ತಾನು ನೋಡದೆ ಬಿಟ್ಟ ದಿನಗಳಲ್ಲಿ ಈ ಮುಳ್ಳು ಎಲ್ಲೆಲ್ಲಿ ನಿಂತಿತ್ತೋ ಎಂದು.

"ಇಟ್ ಈಸ್ ನಾಟ್ ರೀಚಿಂಗ್," ಎಂದಳು. "ಒನ್ ಟ್ವೆಲ್ವ್."

ಮೇಡಂ ಪೆನ್ನು ನಿಲ್ಲಿಸಿ ರಿಜಿಸ್ಟರ್ ನೋಡಿದರು. ಈಗ ಕೆಳಗಿನವರೆಗೂ ನೋಡಿದರು. ಬೆರಳನ್ನು ಎಂಟನೆಯ ಸಾಲಿನ ಮೇಲಿಟ್ಟು ಅವಳ ಮುಖ ನೋಡಿದರು.

"ಐ ರೈಟ್ ಇಟ್ ಇನ್ ದಿ ಮಾರ್ನಿಂಗ್," ಎಂದಳು ಕುಕ್ಕರಕ್ಕ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಎವೆರಿ ಡೇ."

ಆಮೇಲೆ ಯಾರ ಅಪ್ಪಣೆಗೂ ಕಾಯದೆ ಹೋಗಿ ಆವಿಯ ನಲ್ಲಿ ತಿರುಗಿಸಿ ಯಂತ್ರ ನಿಲ್ಲಿಸಿದಳು.

ಬಾಗಿಲಿನ ರಬ್ಬರ್ ಬಳೆ ಸವೆದು ಒಂದು ಕಡೆ ಬಿರುಕು ಬಿಟ್ಟಿತ್ತು. ಆವಿ ಅಲ್ಲಿಂದ ಸೋರಿ ಗೋಡೆಗೆ ಹೋಗುತ್ತಿತ್ತು. ಆ ಗೋಡೆ ಯಾವಾಗಲೂ ಒದ್ದೆಯಾದ್ದರಿಂದ ಯಾರೂ ಗಮನಿಸಿರಲಿಲ್ಲ. ಟ್ರೇಗಳನ್ನೆಲ್ಲ ಮೇಲಿನ ಮಹಡಿಯಲ್ಲಿದ್ದ ಇನ್ನೊಂದು ಸಣ್ಣ ಯಂತ್ರಕ್ಕೆ ಸಾಗಿಸಿ, ಎರಡೆರಡಾಗಿ ಮತ್ತೆ ಬೇಯಿಸಿ ಕೊಡುವಷ್ಟರಲ್ಲಿ ಎರಡು ಗಂಟೆಯ ಆಪರೇಷನ್ ನಾಲ್ಕಕ್ಕೆ ಹೋಯಿತು. ಟ್ರೇ ಹೊರುತ್ತ ಗಂಟು ಕಟ್ಟುವವಳು, "ಅಕ್ಕಾ, ಆ ಟೇಪನ್ನ ಟ್ರೇಗಲ್ಲ, ನಿಮ್ಮ ಬಾಯಿಗೆ ಅಂಟಿಸ್ಬೇಕಿತ್ತು," ಎಂದಳು. ಹೇಳಿದವಳು ಅಳುತ್ತಿದ್ದಳು.

ಸಾಯಂಕಾಲ ಸಾಹೇಬರು ಬಾಗಿಲು ಮುಚ್ಚಿಸಿ ಮಾತಾಡಿದರು.

"ಈಗ ಏನಾಗ್ತಿದೆ ಅಂತ ಅವರು ಕೇಳಿದ್ದು. ಸರಿ, ಹೇಳಿದ್ರಿ. ಒಳ್ಳೇದೇ ಆಯ್ತು. ದಿನಾ ಏನ್ ಮಾಡ್ತೀರಿ ಅಂತ ನಿಮ್ಮನ್ನ ಯಾರಮ್ಮ ಕೇಳಿದ್ರು? ಇವತ್ತೊಂದಿನ ಹೀಗಾಯ್ತು ಅಂದಿದ್ರೆ ಒಂದು ಸಾಲಲ್ಲಿ ಹೋಗ್ತಿತ್ತು. ಈಗ ಇಪ್ಪತ್ತು ವರ್ಷದ ರಿಜಿಸ್ಟರೆಲ್ಲ ಕಸ ಆಯ್ತು."

"ಅವು ಕಸಾನೇ, ಸಾರ್," ಎಂದಳು ಕುಕ್ಕರಕ್ಕ. ಎದುರು ಮಾತಾಡಬೇಕೆಂದು ಹೇಳಿದ್ದಲ್ಲ. ಇದ್ದದ್ದು ಹಾಗೇ ಇತ್ತು.

ಸಾಹೇಬರು ಡಿಪ್ಲೊಮಾದವರಿಗೆ ಹೇಳಿಕಳಿಸುತ್ತಿರುವುದಾಗಿ ಹೇಳಿದರು. ಮುಂದೆ ಯಾವತ್ತಾದರೂ ನೋಡೋಣ ಎಂಬ ಮಾತೂ ಅವರ ಬಾಯಿಂದ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತು ತುಟಿಗೇ ಬಂದು ವಾಪಸ್ಸು ಹೋಗಿತ್ತು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯಲ್ಲಿ ಕುಳಿತಳು. ಅತ್ತಿಗೆ ಮಹಡಿಯಿಂದ ಇಳಿದು ಬಂದು ಮುಖ ನೋಡಿಯೇ ಟೀಗೆ ನೀರಿಟ್ಟರು. ಕುಕ್ಕರಕ್ಕ ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ ದನಿ ಏರಿತು.

"ಎಲ್ಲ ನಿಮ್ಮಿಂದ್ಲೇ ಆಗಿದ್ದು, ಅತ್ತಿಗೆ! ಬರೀ ಹಾಳೆ ಬಾಯಿಪಾಠ ಮಾಡಿದ್ರೆ ಆ ಪ್ರಶ್ನೇನೇ ನನಗೆ ತಿಳೀತಿರ್ಲಿಲ್ಲ. ಎಸ್ ಮೇಡಂ ಅಂತ ತಲೆ ಆಡಿಸ್ತಿದ್ದೆ, ಅವರು ಮುಂದಕ್ಕೆ ಹೋಗ್ತಿದ್ರು. ಇವತ್ತು ನಾನು ಇನ್‌ಚಾರ್ಜ್ ಆಗಿರ್ತಿದ್ದೆ. ನನಗೆ ಆ ಕುರ್ಚಿ ಬೇಕಿತ್ತು. ತುಂಬಾ ಬೇಕಿತ್ತು."

ಹಾಗೆ ಹೇಳಿ ಅತ್ತಳು. ಜೋರಾಗಿಯೇ ಅತ್ತಳು. ಪಕ್ಕದ ಕೋಣೆಯ ಗಂಡ ಬಾಗಿಲವರೆಗೆ ಬಂದು, ಅಕ್ಕನ ಕಣ್ಸನ್ನೆ ನೋಡಿ ಹಿಂದೆ ಹೋದ.

ಅತ್ತಿಗೆ ಸಮಾಧಾನದ ಮಾತು ಆಡುವವರಲ್ಲ. ಮೂವತ್ತನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿದವರಿಗೆ ಅದು ಅಭ್ಯಾಸವೂ ಇರುವುದಿಲ್ಲ. ಟೀ ಲೋಟವನ್ನು ಅವಳ ಮುಂದಿಟ್ಟು ಎದುರಿಗೆ ಕುಳಿತರು.

"ಹೌದು, ತಿಳೀತಿರ್ಲಿಲ್ಲ. ಆ ಟ್ರೇ ಯಾರ ಹೊಟ್ಟೆಯೊಳಗೆ ಹೋಗ್ತಿತ್ತೋ ಅವರಿಗೂ ತಿಳೀತಿರ್ಲಿಲ್ಲ," ಎಂದರು. ಲೋಟವನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ, "ಬೈಯೋ ಹಾಗಿದ್ರೆ ಬೈಯಿ. ನನಗೇನೂ ಬೇಜಾರಿಲ್ಲ. ಕಲಿಸಿದ್ದು ನಾನೇ," ಎಂದರು.

ಮರುದಿನ ಬೆಳಿಗ್ಗೆ ಕುಕ್ಕರಕ್ಕ ಎಂದಿನಂತೆ ಕೆಲಸಕ್ಕೆ ಹೋದಳು. ಹೊಸ ರಬ್ಬರ್ ಬಳೆ ಹಾಕಿದ್ದರು. ಮೊದಲನೆಯ ಸಲದ ಸಾಮಾನು ಹಾಕಿ, ಮುಳ್ಳಿನ ಮುಂದೆ ಸ್ಟೂಲು ಎಳೆದುಕೊಂಡು ಪೂರ್ತಿ ಹೊತ್ತು ಕುಳಿತಳು. ಕೊನೆಗೆ ಕೈ ಒರೆಸಿ ಒಂದು ಸಾಲು ಬರೆದಳು. ಶಾಯಿ ಸ್ವಲ್ಪ ಹರಡಿತು. ಆಮೇಲೆ ಗಂಟು ಕಟ್ಟುವವಳಿಗೆ ಹತ್ತು ನಿಮಿಷ ಎಂದು ಹೇಳಿ ಮೂರನೆಯ ಮಹಡಿಗೆ ಹತ್ತಿದಳು. ಇಷ್ಟು ವರ್ಷದಲ್ಲಿ ಅವಳು ವಾರ್ಡಿನೊಳಗೆ ಹೋದದ್ದೇ ಇರಲಿಲ್ಲ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಗಂಡಸು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹೊಟ್ಟೆಗೆ ದಪ್ಪ ಬ್ಯಾಂಡೇಜು ಹಾಕಿದ್ದರು. ಹೊದಿಕೆ ಏರುತ್ತಿತ್ತು, ಇಳಿಯುತ್ತಿತ್ತು. ಕುಕ್ಕರಕ್ಕ ಕಾಲ ಹತ್ತಿರ ನಿಂತು ಅದನ್ನೇ ನೋಡಿದಳು. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ ತಲೆಯೆತ್ತಿದಳು.

"ಯಾರು ಬೇಕಿತ್ತು?"

"ನಾನು ಇಲ್ಲೇ ಕೆಲಸ ಮಾಡೋದು. ಹೇಗಿದ್ದಾರೆ ಅಂತ ನೋಡೋಕೆ ಬಂದೆ."

"ಈಗ ಪರವಾಗಿಲ್ಲ. ಜ್ವರ ಇಲ್ಲ ಅಂದ್ರು." ಆ ಹೆಂಗಸಿಗೆ ಮಾತಾಡಲು ಯಾರಾದರೂ ಬೇಕಿತ್ತೆಂದು ಕಾಣುತ್ತದೆ. "ಆದ್ರೆ ನಿನ್ನೆ ಏನು ಕಷ್ಟ ಕೊಟ್ರು ಗೊತ್ತಾ? ಬೆಳಿಗ್ಗೆಯಿಂದ ಒಂದು ಹನಿ ನೀರಿಲ್ಲ, ಆಪರೇಷನ್ ಬಟ್ಟೆ ಹಾಕಿಸಿ ಎರಡು ಗಂಟೆ ಕಾಯಿಸಿದ್ರು. ಭಯಕ್ಕೆ ಇವರ ಕೈಕಾಲು ತಣ್ಣಗಾಗಿಬಿಟ್ಟಿತ್ತು. ಕೇಳಿದ್ರೆ, ಕೆಳಗಡೆ ಯಾರೋ ಸಾಮಾನು ಸರಿಯಾಗಿ ಮಾಡಿಲ್ಲ ಅಂದ್ರು. ಯಾರದೋ ಬೇಜವಾಬ್ದಾರಿ, ಅನುಭವಿಸೋರು ನಾವು."

ತಾನೇ ನೋಡಿ ಯಂತ್ರ ನಿಲ್ಲಿಸಿದ ಉಳಿದರ್ಧ ಕತೆಯನ್ನು ಹೇಳಿಬಿಡಬಹುದಿತ್ತು. ಹೇಳಿದ್ದರೆ ಆ ಹೆಂಗಸು ಎದ್ದು ಕೈ ಹಿಡಿದುಕೊಳ್ಳುತ್ತಿದ್ದಳೋ ಏನೋ.

"ಹೌದಮ್ಮ," ಎಂದಳು ಕುಕ್ಕರಕ್ಕ. "ಅದು ನನ್ನದೇ."

ಆ ಹೆಂಗಸು ಎದ್ದು ನಿಂತಳು. ಅವಳ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದಳು. ಕುಕ್ಕರಕ್ಕ ಬೈಸಿಕೊಳ್ಳಲು ನಿಂತಳು.